ಪದಚರ್ಚೆ: ಲೇಸರ್ ‘ಮುದ್ರಣ’ವೋ, ‘ಬರಹ’ವೋ, ‘ಮೂಡಿಕೆ’ಯೋ?

ಬಲ್ಲವರಿಗೆಲ್ಲ ನಮಸ್ಕಾರ.

ಬೆಳಗಾವಿಯಲ್ಲಿ ಡಿಪ್ಲೊಮಾ ಓದುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಲೇಸರ್ ಹಿಡಿದು ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗಳನ್ನು ಮಾಡುವ ವಿಷಯ. ಇದನ್ನೇ ಒಬ್ಬರು ತ್ರೀಡಿ ಪ್ರಿಂಟಿಂಗ್ ಅಂದರೆ ಇನ್ನೊಬ್ಬರು ಡೈರೆಕ್ಟ್ ಲೇಸರ್ ರೈಟಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಕೆಲಸ ನಡೆಯುವುದು ಹೀಗೆ. ಗಾಜಿನ ಮೇಲೆ ಒಂದು ಹನಿ ದ್ರವ ರೆಸಿನ್, ಅಂದರೆ ಬೆಳಕು ತಾಗಿದರೆ ಗಟ್ಟಿಯಾಗುವ ಅಂಟು. ಅದರೊಳಕ್ಕೆ ಫೆಮ್ಟೊಸೆಕೆಂಡ್ ಲೇಸರ್, ಅಂದರೆ ಬೆಳಕನ್ನು ಅತಿ ಕಿರು ಮಿಡಿತಗಳಾಗಿ ಬಿಡುವಂಥದ್ದು, ತರಂಗಾಂತರ ಹೆಚ್ಚಾಗಿ 780 ನ್ಯಾನೋಮೀಟರ್ ಆಸುಪಾಸಿನದು. ರೆಸಿನ್ ಗಟ್ಟಿಯಾಗಲು ಒಂದು ಫೋಟಾನಿನ (ಬೆಳಕಿನ ಕಣದ) ಶಕ್ತಿ ಸಾಲುವುದಿಲ್ಲ, ಎರಡು ಫೋಟಾನು ಏಕಕಾಲಕ್ಕೆ ಒಂದೇ ಅಣುವಿಗೆ ಸಿಗಬೇಕು. ಅಷ್ಟು ದಟ್ಟ ಬೆಳಕು ಇರುವುದು ಕಿರಣ ಕೂಡುವ ಬಿಂದುವಿನಲ್ಲಿ ಮಾತ್ರ, ಆದ್ದರಿಂದ ಅಲ್ಲಷ್ಟೇ ದ್ರವ ಗಟ್ಟಿಯಾಗುತ್ತದೆ. ಬಿಂದುವನ್ನು ಬೇಕಾದಂತೆ ಓಡಾಡಿಸಿ, ಕೊನೆಗೆ ಉಳಿದ ದ್ರವವನ್ನು ತೊಳೆದುಬಿಟ್ಟರೆ ಆಯಿತು. ಭೌತವಿಜ್ಞಾನಿ ಮಾರಿಯಾ ಗೋಪರ್ಟ್ ಮೇಯರ್ ಈ ಎರಡು ಫೋಟಾನಿನ ಲೆಕ್ಕ ಬರೆದದ್ದು 1931ರಲ್ಲಿ. ಲೇಸರ್ ಬಂದ ಮೇಲೆ, 1961ರಲ್ಲಿ, ಅದು ಪ್ರಯೋಗದಲ್ಲಿ ಕಂಡಿತು. 2001ರಲ್ಲಿ ಜಪಾನಿನ ಒಸಾಕಾದಲ್ಲಿ ಇದೇ ವಿಧಾನದಿಂದ ಮಾಡಿದ ಗೂಳಿಯ ಬೊಂಬೆಯ ಉದ್ದ 10 ಮೈಕ್ರೋಮೀಟರ್, ಎತ್ತರ 7. ಹೆಚ್ಚುಕಡಿಮೆ ನಮ್ಮ ಕೆಂಪು ರಕ್ತಕಣದಷ್ಟು.

ಈಗ ಪದಗಳಿಗೆ ಬರುತ್ತೇನೆ. ‘ಅಚ್ಚು’ ನನಗೆ ಬಲು ಇಷ್ಟ, ಆದರೆ ಇಲ್ಲಿ ನಡೆಯುವುದಿಲ್ಲ. ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಫೌಂಡ್ರಿ (ಲೋಹ ಎರಕ ಹೊಯ್ಯುವ ಕಾರ್ಖಾನೆ) ನೋಡಿ ಬೆಳೆದ ಹುಡುಗರು ಅಚ್ಚು ಅಂದಕೂಡಲೇ “ಸರ, ಮೋಲ್ಡ್ ಎಲ್ಲೈತ್ರಿ?” ಅಂತಾರೆ. ಈ ವಿಧಾನದ ಸೊಗಸೇ ಮೋಲ್ಡ್ ಇಲ್ಲದಿರುವುದು! ‘ಎರಕ’ಕ್ಕೂ ಅದೇ ತಕರಾರು. ‘ಲೇಸರ್ ಕೆತ್ತನೆ’ ಅಂತೂ ಪೂರಾ ತಪ್ಪು: ಕೆತ್ತುವುದೆಂದರೆ ಬೇಡದ್ದನ್ನು ಚಕ್ಕೆ ಎಬ್ಬಿಸಿ ತೆಗೆಯುವುದು, ಇಲ್ಲಿ ಲೇಸರ್ ಮುಟ್ಟಿದ್ದೇ ಉಳಿಯುತ್ತದೆ. ‘ಮುದ್ರಣ’ ರೂಢಿಗೆ ಬಂದಿದೆ, ತಲೆಬರಹಕ್ಕೆ ಅದನ್ನೇ ಇಟ್ಟುಕೊಳ್ಳಬಹುದು. ವಾಕ್ಯದೊಳಗೆ ಬಂದಾಗ ಕಾಟ ಕೊಡುತ್ತದೆ. “ಗೂಳಿಯನ್ನು ಮುದ್ರಿಸಿದರು” ಅಂದರೂ, “ಬರೆದರು” ಅಂದರೂ, ಓದುವವರ ಕಣ್ಣಿಗೆ ಕಟ್ಟುವುದು ಕಾಗದದ ಮೇಲಿನ ಗೂಳಿಯೇ.

ನನಗೆ ಹೊಳೆದದ್ದು ‘ಮೂಡಿಸು’. “ಹನಿಯೊಳಗೆ ಲೇಸರ್ ಗೂಳಿಯನ್ನು ಮೂಡಿಸಿತು.” ಮೋಲ್ಡ್ ಬೇಡ, ಕಾಗದ ಬೇಡ, ಚಕ್ಕೆ ಏಳಬೇಕಿಲ್ಲ, ಇಲ್ಲದ ಕಡೆ ಆಕಾರ ಕಾಣಿಸಿಕೊಂಡಿತು ಅನ್ನುವಷ್ಟೇ ಅರ್ಥ. ನಾಮಪದ ಬೇಕಾದರೆ ‘ಲೇಸರ್ ಮೂಡಿಕೆ’. ಕಾರ್ಯಕ್ರಮಗಳೆಲ್ಲ ‘ಸೊಗಸಾಗಿ ಮೂಡಿಬಂದು’ ಈ ಕ್ರಿಯಾಪದ ಸವೆದುಹೋಗಿದೆ ಎಂದು ಮಿತ್ರರೊಬ್ಬರ ಆಕ್ಷೇಪ. ಇರಲಿ, ಸವೆದ ಪದಕ್ಕೂ ಹೊಸ ಕೆಲಸ ಕೊಡಬಹುದಲ್ಲ. ‘ಮೂಡಿಕೆ’ ಹಳೆಯ ಗ್ರಂಥಗಳಲ್ಲೋ ಬೇರೆ ಶಾಸ್ತ್ರದಲ್ಲೋ ಬೇರೆ ಅರ್ಥ ಹೊತ್ತಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು. ಜೀವಕೋಶ ಬೆಳೆಸುವ ಸಂಶೋಧಕರು ಇದೇ ವಿಧಾನದಿಂದ ಸ್ಕ್ಯಾಫೋಲ್ಡ್ ಮಾಡುತ್ತಾರೆ, ಅಂದರೆ ಕೋಶಗಳು ಹಿಡಿದುಕೊಂಡು ಬೆಳೆಯುವ ಜಾಲರಿಯಂಥ ಆಸರೆ. ‘ಸಾರವೆ’ ಅಂತ ಅನುವಾದಿಸಿದ್ದನ್ನು ನೋಡಿದ್ದೇನೆ. ಸಾರವೆ ಗಾರೆಯವನು ನಿಲ್ಲಲು ಕಟ್ಟುವಂಥದ್ದು, ಗೋಡೆ ಎದ್ದಮೇಲೆ ಬಿಚ್ಚುತ್ತಾರೆ. ನಮ್ಮ ಕಡೆ ಹೀರೆಬಳ್ಳಿಗೆ ಹಾಕುವುದು ಹಂದರ. ಬಳ್ಳಿ ಅದರ ಮೇಲೇ ಹಬ್ಬುತ್ತದೆ, ಹಂದರ ಒಳಗೇ ಉಳಿಯುತ್ತದೆ. ‘ಎಲುಬಿನ ಹಂದರ’ ಎಂಬ ಬಳಕೆ ಮೊದಲೇ ಇರುವುದರಿಂದ ‘ಕೋಶಹಂದರ’ ಅಂದರೆ ಅಸ್ಥಿಪಂಜರದ ಜತೆ ಗೊಂದಲ ಆದೀತೆ? ಮೈಸೂರು, ಮಂಗಳೂರು ಕಡೆಯವರಿಗೆ ಹಂದರ ಅಂದರೆ ಮದುವೆ ಚಪ್ಪರ ಮಾತ್ರ ನೆನಪಾಗುತ್ತದೆಯೇ? ಆ ಕಡೆಯವರು ಹೇಳಿದರೆ ಪಾಠವನ್ನು ಹಾಗೆ ತಿದ್ದಿಕೊಳ್ಳುತ್ತೇನೆ.