‘ಕ್ಲಚ್ ಹಿಡಿ’ ಎಂದರೆ ಹಿಡಿಯುವುದು ಯಾವುದು? ಕಾಲೋ, ಪ್ಲೇಟೋ?

ಗೆಳೆಯರೇ,

‘ಹಿಡಿ’ ಎಂಬ ಒಂದೇ ಕ್ರಿಯಾಪದದಿಂದ ನನ್ನ ಹಳೆಯ ಓಮ್ನಿ ಕಳೆದ ವಾರ ಒಂದು ದಿನವಿಡೀ ಅಂಗಳದಲ್ಲೇ ನಿಂತಿತು.

1998ರ ಗಾಡಿ. ಇದರ ಕ್ಲಚ್ ಕೇಬಲ್‌ನದು: ಪೆಡಲ್ ತುಳಿದರೆ ಕೇಬಲ್ ಎಳೆದುಕೊಂಡು ಗೇರ್ ಬಾಕ್ಸ್ ಬಳಿಯ ಲಿವರ್ ತಿರುಗುತ್ತದೆ. ಕೆಲವು ದಿನಗಳಿಂದ ರಿವರ್ಸ್ ಗೇರ್ ಹಾಕುವಾಗ ಕರಕರ ಸದ್ದು ಬರುತ್ತಿತ್ತು. ಪೆಡಲ್ ಅರ್ಧಕ್ಕಿಂತ ಕೆಳಗಿಳಿಯುವವರೆಗೂ ಕಾಲಿಗೆ ಭಾರವೇ ತಿಳಿಯುತ್ತಿರಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿ ‘ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲ’ ಎಂದೆ. ‘ಕೇಬಲ್ ತುದಿಯ ನಟ್ಟನ್ನು ನಾಲ್ಕು ಸುತ್ತು ಸಡಿಲ ಮಾಡಿ ನೋಡಿ ಸಾರ್’ ಎಂದರು. ಗಾಡಿಯ ಕೆಳಗೆ ತೂರಿ ಹಾಗೆಯೇ ಮಾಡಿದೆ. ಆಮೇಲೆ ಪೆಡಲ್ ತಳ ಮುಟ್ಟಿದರೂ ಒಂದು ಗೇರೂ ಬೀಳಲಿಲ್ಲ.

ಅವರು ಹೇಳಿದ್ದು ತಪ್ಪಲ್ಲ. ಅವರ ಮಾತಿನಲ್ಲಿ ‘ಕ್ಲಚ್ ಹಿಡಿಯುತ್ತಿಲ್ಲ’ ಎಂದರೆ ಕ್ಲಚ್ಚಿನೊಳಗಿನ ಪ್ಲೇಟ್, ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಎಂಬ ಚಕ್ರವನ್ನು ಕಚ್ಚಿಕೊಳ್ಳುತ್ತಿಲ್ಲ; ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ. ಕೇಬಲ್ ಅತಿ ಬಿಗಿಯಾಗಿದ್ದರೂ ಹೀಗಾಗುತ್ತದೆ, ಆದ್ದರಿಂದ ಸಡಿಲಿಸುವುದೇ ಮೊದಲ ಮದ್ದು. ನನ್ನ ಗಾಡಿಯ ಕಾಯಿಲೆ ನೇರ ತಿರುಗುಮುರುಗು: ಪ್ಲೇಟ್ ಬಿಟ್ಟುಕೊಡುತ್ತಿರಲಿಲ್ಲ. ಡ್ರೈವಿಂಗ್ ಕಲಿಯುವಾಗ ‘ಕ್ಲಚ್ ಹಿಡಿ, ಗೇರ್ ಹಾಕು, ನಿಧಾನವಾಗಿ ಕ್ಲಚ್ ಬಿಡು’ ಎಂದು ಕೇಳಿ ಬೆಳೆದ ನನಗೆ ಹಿಡಿಯುವುದು ಕಾಲಿನ ಕೆಲಸ. ಕಾಲು ಹಿಡಿದಾಗ ಪ್ಲೇಟ್ ಬಿಡುತ್ತದೆ, ಕಾಲು ಬಿಟ್ಟಾಗ ಪ್ಲೇಟ್ ಹಿಡಿಯುತ್ತದೆ! ಬ್ರೇಕಿನಲ್ಲಿ ಈ ತೊಡಕಿಲ್ಲ. ಅಲ್ಲಿ ಕಾಲು ಒತ್ತುವುದೂ ಬ್ರೇಕ್ ಹಿಡಿಯುವುದೂ ಒಟ್ಟಿಗೇ ಆಗುತ್ತವೆ, ‘ಬ್ರೇಕ್ ಹಿಡಿಯುತ್ತಿಲ್ಲ’ ಎಂದರೆ ಯಾರಿಗೂ ಸಂಶಯ ಬರುವುದಿಲ್ಲ. ಇಂಗ್ಲಿಷಿನ ಕ್ಲಚ್ ಪದಕ್ಕೂ ಬಿಗಿಯಾಗಿ ಹಿಡಿ ಎಂಬುದೇ ಅರ್ಥ, ಅಂದರೆ ಆ ಹೆಸರು ಪ್ಲೇಟಿನ ಪರವಾಗಿದೆ. ಕಾಲಿಗೆ ‘ಹಿಡಿ’ ಬಂದದ್ದು, ಕೈಯಲ್ಲೇ ಕ್ಲಚ್ ಹಿಡಿಯುವ ಬೈಕು ಸ್ಕೂಟರುಗಳಿಂದ ಇರಬಹುದೆಂದು ನನ್ನ ಊಹೆ.

ಇನ್ನು ಮುಂದೆ ಕಾಲಿನ ಕೆಲಸಕ್ಕೆ ‘ತುಳಿ’, ‘ಕಾಲೆತ್ತು’ ಎಂದೂ, ‘ಹಿಡಿ’, ‘ಬಿಡು’ಗಳನ್ನು ಪ್ಲೇಟಿಗೆ ಮಾತ್ರವೂ ಬಳಸಬೇಕೆಂದುಕೊಂಡಿದ್ದೇನೆ. ಇದು ನಡೆಯುವ ಮಾತೇ?

ಎರಡನೆಯ ವಿಷಯ ನನಗೆ ಇನ್ನೂ ಪ್ರಿಯವಾದದ್ದು. ಸಂಜೆ ಮೆಕ್ಯಾನಿಕ್ ಅವರೇ ಬಂದು ಕೇಬಲ್ ಬಿಚ್ಚಿದರು. ತುದಿಯಲ್ಲಿ ಮೂರು ನಾಲ್ಕು ಎಳೆ ಹರಿದು ಪೊರಕೆಯ ಕಡ್ಡಿಯಂತೆ ಸೆಟೆದುಕೊಂಡಿದ್ದವು. ಹೊಸ ಕೇಬಲ್ ಹಾಕಿ, ನಟ್ಟು ಬಿಗಿ ಮಾಡುತ್ತ, ನಡುನಡುವೆ ಎದ್ದು ಬಂದು ಪೆಡಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಕೊನೆಗೆ ‘ಇಷ್ಟು ಬಿಡುವು ಇರಲೇಬೇಕು ಸಾರ್, ಇಲ್ಲದಿದ್ದರೆ ಬೇರಿಂಗ್ ಉಜ್ಜುತ್ತಲೇ ಇರುತ್ತದೆ’ ಎಂದರು. ಪೆಡಲಿನ ಆರಂಭದ ಆ ಬರಿಯ ಚಲನೆಗೆ ‘ಪ್ಲೇ’ ಎಂಬುದನ್ನಷ್ಟೇ ಕೇಳಿದ್ದ ನನಗೆ ಮೈ ಪುಳಕಗೊಂಡಿತು. ‘ಅಳ್ಳಕ’, ‘ಸಡಿಲ’ ಎಂದರೆ ದೋಷದ ವಾಸನೆ ಇದೆ, ಸರಿಪಡಿಸಬೇಕು ಎನ್ನಿಸುತ್ತದೆ. ‘ಬಿಡುವು’ ಬೇಕೆಂದೇ ಬಿಟ್ಟದ್ದು.

ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಏನೆನ್ನುತ್ತಾರೆ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ. ನೇಗಿಲು, ಗಾಣ, ಮಗ್ಗಗಳಲ್ಲಿ ಬೇಕೆಂದೇ ಬಿಡುವ ಇಂಥ ಸಂದಿಗೆ ಹಳೆಯ ಹೆಸರೇನಾದರೂ ಇದ್ದರೆ ಅದೂ ಬೇಕು.