ಸೆಕೆಂಡ್ ಹ್ಯಾಂಡ್ ಲೆನ್ಸ್ ಮತ್ತು ಎರರ್ 01: ರಿಪೇರಿಯವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ಮದುವೆ ಕೆಲಸಕ್ಕೆ ಅಂತ ಕ್ಯಾನನ್ 24-105 ಎಫ್/4 ಎಲ್ ಲೆನ್ಸ್ ಸೆಕೆಂಡ್ ಹ್ಯಾಂಡ್ ತಗೊಂಡೆ, ಹಳೇ ಮೊದಲನೇ ಮಾಡೆಲ್. ನಾಲ್ಕೈದು ಫೋಟೊ ಚೆನ್ನಾಗಿ ಬರುತ್ತದೆ, ಆಮೇಲೆ ಎರರ್ 01. ಲೆನ್ಸ್ ಕಾಂಟ್ಯಾಕ್ಟ್, ಅಂದರೆ ಲೆನ್ಸಿನ ಹಿಂದಿರುವ ಚಿನ್ನದ ಬಣ್ಣದ ಚುಕ್ಕೆಗಳನ್ನು, ಕ್ಲೀನ್ ಮಾಡಿ ಅಂತ ಸ್ಕ್ರೀನ್ ಮೇಲೆ ಬರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜು ಅಂತ ಗೆಳೆಯ ಹೇಳಿದ. ಉಜ್ಜಲಾ? ಬೇಡವಾದರೆ ವಾಪಸ್ ಕೊಡಲು ಇನ್ನೂ ಮೂರು ದಿನ ಟೈಮ್ ಇದೆ.

ಉತ್ತರ: ರಬ್ಬರ್ ಕೆಳಗಿಡಿ. ಮೂರು ದಿನ ಇದೆಯಲ್ಲ, ಅದು ಒಳ್ಳೇದಾಯ್ತು. ಒರೆಸುವ ಮೊದಲು ಎರಡು ಟೆಸ್ಟ್ ಮಾಡಿ.

ಒಂದು: ಕ್ಯಾಮೆರಾ ಆನ್ ಮಾಡಿ, ಲೆನ್ಸನ್ನು ಮೌಂಟ್ (ಕ್ಯಾಮೆರಾಕ್ಕೆ ಕೂರುವ ಬಳೆ) ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿ. ಕಣ್ಣು ಅಪರ್ಚರ್ ನಂಬರಿನ (ಬೆಳಕು ಬರುವ ಕಿಂಡಿಯ ಅಳತೆ, ಎಫ್/4, ಎಫ್/8 ಅಂತ ಹೇಳುವುದು) ಮೇಲೇ ಇರಲಿ. ಅದು ಆಗಾಗ 00 ಆದರೆ, ಕ್ಯಾಮೆರಾಕ್ಕೆ ಲೆನ್ಸ್ ಇರುವುದೇ ಗೊತ್ತಾಗುತ್ತಿಲ್ಲ ಅಂತ ಅರ್ಥ. ಆಗ ಕಾಂಟ್ಯಾಕ್ಟ್ ಮೇಲೆ ಅನುಮಾನ ಪಡಬಹುದು. ಮೌಂಟಿನ ಸ್ಕ್ರೂ ಸಡಿಲ ಆಗಿದ್ದರೂ ಹೀಗೆ ಆಗುತ್ತದೆ.

ಎರಡು: ಎಫ್/4 ಇಟ್ಟು ಇಪ್ಪತ್ತು ಫೋಟೊ ತೆಗೆಯಿರಿ. ಆಮೇಲೆ ಎಫ್/8 ಇಟ್ಟು ಇಪ್ಪತ್ತು, ಜೂಮನ್ನು 24ರಲ್ಲಿ, 50ರಲ್ಲಿ, 105ರಲ್ಲಿ ಬದಲಿಸುತ್ತಾ. ಎಫ್/4ರಲ್ಲಿ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ, ಕಿಂಡಿ ಮುಚ್ಚುವ ಬ್ಲೇಡುಗಳಿಗೆ ಕೆಲಸ ಇಲ್ಲ. ಎಫ್/8ಕ್ಕೆ ಅವು ಮುಚ್ಚಿಕೊಳ್ಳಬೇಕು. ಎಫ್/4ರಲ್ಲಿ ಸರಿ, ಎಫ್/8ರಲ್ಲಿ ಮಾತ್ರ ಎರರ್ ಅಂದರೆ ತೊಂದರೆ ಒಳಗಡೆ ಇದೆ. ಈ ಲೆನ್ಸಿನಲ್ಲಿ ಅಪರ್ಚರಿಗೆ ಹೋಗುವ ತೆಳ್ಳನೆಯ ಫ್ಲೆಕ್ಸ್ ಕೇಬಲ್ (ಪಟ್ಟಿಯಂಥ ವೈರು) ಪ್ರತಿ ಸಲ ಜೂಮ್ ಮಾಡಿದಾಗಲೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಂದು ದಿನ ಬಿರುಕು ಬಿಡುತ್ತದೆ. ಇದು ಈ ಮಾಡೆಲಿನ ಹಳೇ ಕಾಯಿಲೆ.

1987ರಲ್ಲಿ ಈ ಲೆನ್ಸಿನ ಇಎಫ್ ಮೌಂಟ್ ಬಂದಾಗಲೇ ಕ್ಯಾನನ್‌ನವರು ಕ್ಯಾಮೆರಾ ಬಾಡಿಗೂ ಲೆನ್ಸಿಗೂ ನಡುವೆ ಇದ್ದ ಲಿವರ್, ಅಂದರೆ ಅಪರ್ಚರನ್ನು ತಳ್ಳುವ ಕಡ್ಡಿ, ತೆಗೆದುಬಿಟ್ಟರು. ಫೋಕಸ್, ಅಪರ್ಚರ್ ಎರಡೂ ಈ ಪುಟ್ಟ ಚಿನ್ನದ ಬಣ್ಣದ ಚುಕ್ಕೆಗಳ ಮೂಲಕವೇ ನಡೆಯಬೇಕು. ಹಾಗಾಗಿ ಲೆನ್ಸಿನ ಕಡೆಯಿಂದ ಉತ್ತರ ಬರದಿದ್ದರೆ ಕ್ಯಾಮೆರಾ ಕಾಂಟ್ಯಾಕ್ಟಿನ ಮೇಲೇ ಗೂಬೆ ಕೂರಿಸುತ್ತದೆ. ಅದಕ್ಕೆ ಒಳಗಿನ ಕೇಬಲ್ ಕಾಣಿಸುವುದಿಲ್ಲ, ಅಲ್ವಾ?

ಪ್ರಶ್ನೆ (ಇನ್ನೊಬ್ಬರು): ರಬ್ಬರ್ ಯಾಕೆ ಬೇಡ ಸರ್? ನಾನು ಎಷ್ಟೋ ಸಲ ಉಜ್ಜಿದ್ದೇನೆ, ಏನೂ ಆಗಿಲ್ಲ.

ಉತ್ತರ: ಕೆಲಸ ಕಲಿಯುವಾಗ ನಾನೂ ಉಜ್ಜಿದ್ದೇನೆ, ನನ್ನದೇ 50 ಎಂಎಂ ಲೆನ್ಸಿಗೆ. ಫಳಫಳ ಹೊಳೆಯಿತು, ಖುಷಿಯಾಯಿತು. ಭೂತಗನ್ನಡಿ ಇಟ್ಟು ನೋಡಿದರೆ ಎರಡು ಚುಕ್ಕೆ ಬೆಳ್ಳಗಾಗಿದ್ದವು. ಮೇಲಿನ ಚಿನ್ನದ ಲೇಪ ಬಹಳ ತೆಳು. ಅದು ಹೋಗಿ ಕೆಳಗಿನ ನಿಕಲ್ ಕಾಣುತ್ತಿತ್ತು. ಮೇಲಾಗಿ ರಬ್ಬರಿನ ಪುಡಿ ಹಿಂದಿನ ಗಾಜಿನ ಮೇಲೆ ಬೇರೆ.

ಕಾಂಟ್ಯಾಕ್ಟ್ ಮೇಲೆ ಒಂದು ಸಣ್ಣ ಗೆರೆ ಕಂಡರೆ ಹೆದರಬೇಡಿ. ಲೆನ್ಸ್ ತಿರುಗಿಸಿ ಹಾಕುವಾಗ ಬಾಡಿಯ ಪಿನ್ ಉಜ್ಜಿ ಆಗಿದ್ದು ಅದು. ಹಸಿರು ಕಲೆ ಇದ್ದರೆ ಮಾತ್ರ ಯೋಚನೆ ಮಾಡಿ, ನೀರು ಅಥವಾ ಉಪ್ಪುಗಾಳಿ ತಿಂದಿರುತ್ತದೆ. ಕರಾವಳಿಯಿಂದ ಬರುವ ಲೆನ್ಸುಗಳಲ್ಲಿ ನನಗೆ ಇದು ಜಾಸ್ತಿ ಸಿಗುತ್ತದೆ.

ಒರೆಸಲೇಬೇಕು ಅಂದರೆ ಹೀಗೆ: ಕ್ಯಾಮೆರಾ ಆಫ್ ಮಾಡಿ ಲೆನ್ಸ್ ಬಿಚ್ಚಿ. ಮೌಂಟ್ ಕೆಳಮುಖ ಇರುವಂತೆ ಲೆನ್ಸ್ ಹಿಡಿಯಿರಿ, ಕೊಳೆ ಗಾಜಿನ ಮೇಲೆ ಬೀಳಬಾರದು. ಮೊದಲು ಒಣ ಮೈಕ್ರೋಫೈಬರ್ ಬಟ್ಟೆ. ತುಂಬಾ ಸಲ ಇಷ್ಟೇ ಸಾಕಾಗುತ್ತದೆ, ಯಾಕೆಂದರೆ ಅಲ್ಲಿರುವುದು ಬೆರಳಿನ ಜಿಡ್ಡು. ಹೋಗದಿದ್ದರೆ ಬಟ್ಟೆಯ ತುದಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದು. ಬಟ್ಟೆಗೆ ಹಾಕಿ, ಲೆನ್ಸಿಗೆ ಸುರಿಯಬೇಡಿ. ಬಟ್ಟೆ ಮೇಲೆ ಬೂದು ಗೆರೆ ಬರುತ್ತದೆ. ಅದು ಬರುವುದು ನಿಂತ ಮೇಲೆ ನೀವೂ ನಿಲ್ಲಿಸಿ. ಐದು ನಿಮಿಷ ಒಣಗಲು ಬಿಟ್ಟು ಹಾಕಿ.

ಬಾಡಿಯ ಕಡೆ ಇರುವುದು ಸ್ಪ್ರಿಂಗ್ ಪಿನ್. ಹಲ್ಲುಕಡ್ಡಿಯಿಂದ ಒಂದೊಂದನ್ನೂ ಮೆಲ್ಲಗೆ ಒತ್ತಿ ನೋಡಿ. ಎಲ್ಲವೂ ಪಟ್ಟಂತ ಮೇಲೆ ಬರಬೇಕು. ಒಂದು ಒಳಗೇ ಕೂತರೆ ಲೆನ್ಸ್ ಎಷ್ಟು ಒರೆಸಿದರೂ ಅಷ್ಟೇ.

ಪ್ರಶ್ನೆ: ಮನೆಯಲ್ಲಿ ಸ್ಯಾನಿಟೈಸರ್ ಇದೆ, ನಡೆಯುತ್ತಾ?

ಉತ್ತರ: ಬೇಡ. ಅದರಲ್ಲಿ ನೀರೂ ಇರುತ್ತದೆ, ಗ್ಲಿಸರಿನ್ನೂ ಇರುತ್ತದೆ. ಅಂಟು ಉಳಿಯುತ್ತದೆ. ಉಗುರು ಬಣ್ಣ ತೆಗೆಯುವ ದ್ರವವಂತೂ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲೇ) ಅಂತ ಕೇಳಿ, ಚಿಕ್ಕ ಬಾಟಲಿ ಸಿಗುತ್ತದೆ. ಬೆಂಗಳೂರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ.

ಪ್ರಶ್ನೆ: ನನ್ನದು ನಿಕಾನ್, 50 ಎಫ್/1.8ಡಿ. ಎಫ್‌ಇಇ ಅಂತ ಮಿನುಗುತ್ತದೆ. ಕಾಂಟ್ಯಾಕ್ಟ್ ಹೋಯ್ತಾ?

ಉತ್ತರ: ಏನೂ ಹೋಗಿಲ್ಲ. ಅಪರ್ಚರ್ ರಿಂಗ್ ಕೊನೆಯ ನಂಬರಿನಲ್ಲಿ ಇಲ್ಲ ಅಂತ ಹೇಳುತ್ತಿದೆ, ಅಷ್ಟೇ. ಲೆನ್ಸ್ ಮೇಲಿನ ಅಪರ್ಚರ್ ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಹಾಕಿ. ಮುಗೀತು.

ಪ್ರಶ್ನೆ (ಮೊದಲು ಕೇಳಿದವರು): ಸರ್, ಟೆಸ್ಟ್ ಮಾಡಿದೆ. ಅಲುಗಾಡಿಸಿದರೆ ನಂಬರ್ ಹೋಗಲಿಲ್ಲ. ಎಫ್/4ರಲ್ಲಿ ಇಪ್ಪತ್ತೂ ಬಂದವು. ಎಫ್/8ರಲ್ಲಿ 105 ಇದ್ದಾಗ ಸರಿ, 24ಕ್ಕೆ ತಂದರೆ ಮೂರನೇ ಫೋಟೊಗೇ ಎರರ್. ಆದರೂ ಒಮ್ಮೆ ಒರೆಸಿ ನೋಡಲಾ?

ಉತ್ತರ: ಒಣ ಬಟ್ಟೆಯಿಂದ ಬೇಕಾದರೆ ಒರೆಸಿ, ಸಮಾಧಾನಕ್ಕೆ. ಜೂಮ್ ಜೊತೆ ಎರರ್ ಬಂದು ಹೋಗುತ್ತಿದೆ ಅಂದರೆ ನನ್ನ ಲೆಕ್ಕದಲ್ಲಿ ಕೇಬಲ್ಲೇ. ಅದನ್ನು ಬದಲಿಸಲು ಲೆನ್ಸ್ ಪೂರ್ತಿ ಬಿಚ್ಚಬೇಕು, ಮನೆಯಲ್ಲಿ ಆಗುವ ಕೆಲಸ ಅಲ್ಲ. ಎಫ್/4ರಲ್ಲಿ ಒಂದು, ಎಫ್/8ರಲ್ಲಿ ಒಂದು ವಿಡಿಯೊ ಮಾಡಿ, ಎರರ್ ಕಾಣುವ ಹಾಗೆ. ಮಾರಿದವರಿಗೆ ಇವತ್ತೇ ಕಳಿಸಿ. ಸ್ಕ್ರೂ ಯಾವುದನ್ನೂ ಮುಟ್ಟಬೇಡಿ. ಮುಟ್ಟಿದ ಗುರುತು ಕಂಡರೆ ಅವರು ವಾಪಸ್ ತಗೊಳ್ಳುವುದಿಲ್ಲ.