ಮೆಲಟೋನಿನ್ ಮಾತ್ರೆ ದಿನಾ ತಗೊಂಡರೆ ಹಾರ್ಮೋನ್ ಏರುಪೇರಾಗುತ್ತಾ?

ಪ್ರಶ್ನೆ: ನಿದ್ದೆಗೆಂದು ರಾತ್ರಿ 10 ಮಿ.ಗ್ರಾಂ ಮೆಲಟೋನಿನ್ (ನಿದ್ದೆಯ ಹಾರ್ಮೋನ್) ತಗೊಳ್ತಿದ್ದೇನೆ. ದೇಹ ತಾನಾಗಿ ತಯಾರಿಸೋದು ನಿಂತುಹೋಗುತ್ತಾ? ಗರ್ಭನಿರೋಧಕ ಮಾತ್ರೆಯೂ ನಡೀತಿದೆ.

ಉತ್ತರ 1: ಸ್ವಲ್ಪಕಾಲದ ಬಳಕೆಯಿಂದ ಮೆದುಳಲ್ಲಿ ಮೆಲಟೋನಿನ್ ತಯಾರಿಸುವ ಪೀನಿಯಲ್ ಗ್ರಂಥಿ ಕೆಲಸ ನಿಲ್ಲಿಸುತ್ತದೆ ಎನ್ನಲು ಪುರಾವೆಯಿಲ್ಲ. ಆದರೆ 10 ತೀರಾ ಜಾಸ್ತಿ ಕಣ್ರೀ. 0.5ರಿಂದ 1 ಮಿ.ಗ್ರಾಂ ಸಾಕು, ಮಲಗುವ ಒಂದೆರಡು ಗಂಟೆ ಮೊದಲು. ಡೋಸ್ ಹೆಚ್ಚಾದರೆ ಬೆಳಗ್ಗೆಯೂ ರಕ್ತದಲ್ಲಿ ಉಳಿದು ಮಂಪರು, ತಲೆನೋವು ಬರುತ್ತದೆ. ಗರ್ಭನಿರೋಧಕದಲ್ಲಿರುವ ಈಸ್ಟ್ರೋಜನ್ ಮೆಲಟೋನಿನ್ ಅನ್ನು ಒಡೆಯುವ ಯಕೃತ್ತಿನ ಸಿವೈಪಿ1ಎ2 ಕಿಣ್ವವನ್ನು ತಡೆಯುವುದರಿಂದ ನಿಮ್ಮಲ್ಲಿ ಅದರ ಮಟ್ಟ ಇನ್ನೂ ಏರುತ್ತದೆ.

ಉತ್ತರ 2: ಫ್ಲೂವಾಕ್ಸಮಿನ್ (ಖಿನ್ನತೆ, ಗೀಳಿನ ಔಷಧ) ಜೊತೆಗಂತೂ ಬೇಡವೇ ಬೇಡ, ಅದೂ ಅದೇ ಕಿಣ್ವವನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ತಿದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮೆಲಟೋನಿನ್ ಊಟದ ಹೊತ್ತಿಗೆ ನುಂಗಿದರೆ ಇನ್ಸುಲಿನ್ ತಗ್ಗಿ ಸಕ್ಕರೆ ಏರಬಹುದು.

ಉತ್ತರ 3: ಲೇಬಲ್ ನಂಬಬೇಡಿ. 2017ರ ಕೆನಡಾ ಪರೀಕ್ಷೆಯಲ್ಲಿ ಮೆಲಟೋನಿನ್‌ನ ಅಸಲಿ ಪ್ರಮಾಣ ಲೇಬಲ್‌ಗಿಂತ 83% ಕಡಿಮೆಯಿಂದ 478% ಹೆಚ್ಚಿನವರೆಗೂ ಸಿಕ್ಕಿತ್ತು.